ಬಳಕೆದಾರ ಸಂಶೋಧನೆಯ ವೃತ್ತಿ: ಯಾವ ಹುದ್ದೆ ಯಾರಿಗೆ ಒಗ್ಗುತ್ತದೆ?

ಆನ್‌ಲೈನ್ ಉತ್ಪನ್ನಗಳನ್ನು ಜನರು ಹೇಗೆ ಬಳಸುತ್ತಾರೆಂದು ಅಧ್ಯಯನ ಮಾಡುವ ಕೆಲಸಕ್ಕೆ, ಅಂದರೆ ರೂಢಿಯಲ್ಲಿ ಯುಎಕ್ಸ್ ರಿಸರ್ಚ್ ಎನ್ನುವ ಕ್ಷೇತ್ರಕ್ಕೆ, ಬರಬಯಸುವವರ ಪ್ರಶ್ನೆಗಳು ಬೇರೆ ಬೇರೆಯಾದರೂ ಅವುಗಳ ಹಿಂದಿನ ಗೊಂದಲ ಒಂದೇ. ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿದವರು ಇನ್ನೊಂದು ಪದವಿ ಬೇಕಾಗುತ್ತದೆಯೇ ಎಂದು ಕೇಳುತ್ತಾರೆ. ಕೆಲವು ವರ್ಷ ಡಿಸೈನರ್ ಆಗಿ ದುಡಿದವರು ಸಂಶೋಧನೆಗೆ ಪೂರ್ತಿಯಾಗಿ ಹೊರಳುವುದು ಜಾಣತನವೇ ಎಂದು ಯೋಚಿಸುತ್ತಾರೆ. ದಿನವಿಡೀ ಅಂಕಿಅಂಶಗಳ ಜೊತೆ ಇರುವವರಿಗೆ ಆ ಅಂಕಿಗಳ ಹಿಂದಿರುವ ಮನುಷ್ಯರನ್ನು ಒಮ್ಮೆ ನೋಡಬೇಕೆನಿಸುತ್ತದೆ. ಇವರೆಲ್ಲರೂ ಈ ಕ್ಷೇತ್ರ ತಮಗೆ ಸರಿಯೇ ಎಂದು ವಿಚಾರಿಸುತ್ತಾರೆಯೇ ಹೊರತು, ಇದರೊಳಗೆ ಯಾವ ಕೆಲಸ ತಮಗೆ ಸರಿ ಎಂದು ಕೇಳುವವರು ಕಡಿಮೆ. ಆದರೆ ಈ ಒಂದು ಹೆಸರಿನಡಿ ನಡೆಯುವ ಕೆಲಸಗಳು ಎಷ್ಟು ಭಿನ್ನವೆಂದರೆ, ಒಂದರಲ್ಲಿ ಸುಖವಾಗಿ ನೆಲೆಯೂರುವವರು ಇನ್ನೊಂದರಲ್ಲಿ ವರ್ಷ ತುಂಬುವುದರೊಳಗೆ ಬೇಸತ್ತು ಹೊರಬರಬಹುದು.

ಇಲ್ಲಿ ಐದು ಬಗೆಯ ಕೆಲಸಗಳನ್ನು ಹೋಲಿಸಿದ್ದೇನೆ: ಉತ್ಪನ್ನ ಕಂಪನಿಯೊಳಗಿನ ಸಂಶೋಧಕ, ಏಜೆನ್ಸಿಯ ಸಂಶೋಧಕ, ಅಂಕಿಗಳ ಮೂಲಕ ಅಧ್ಯಯನ ಮಾಡುವ ಪರಿಮಾಣಾತ್ಮಕ ಸಂಶೋಧಕ, ಸಂಶೋಧನೆಯನ್ನೂ ಮಾಡುವ ಡಿಸೈನರ್ ಮತ್ತು ಫ್ರೀಲ್ಯಾನ್ಸರ್. ಆ ಬಳಿಕ ಒಳಗೆ ಬರುವ ದಾರಿಗಳು ಮತ್ತು ಅವುಗಳ ವೆಚ್ಚದ ಮಾತು ಬರುತ್ತದೆ.

ಮೊದಲು ಅಳತೆಗೋಲುಗಳು

ಮೊದಲನೆಯದು, ನಿಮ್ಮನ್ನು ಸಹಜವಾಗಿ ಕಾಡುವ ಪ್ರಶ್ನೆಯ ಬಗೆ. ಜನರು ಒಂದು ಪುಟದಲ್ಲಿ ಅರ್ಧಕ್ಕೇ ಕೈಬಿಟ್ಟು ಹೋಗುತ್ತಿದ್ದಾರೆ ಎಂದು ಗೊತ್ತಾದಾಗ ನಿಮ್ಮ ಮನಸ್ಸು ಎಷ್ಟು ಜನ, ಯಾವ ಗುಂಪಿನವರು ಎಂಬ ಕಡೆಗೆ ಓಡುತ್ತದೆಯೋ, ಆ ಹೊತ್ತಿನಲ್ಲಿ ಅವರ ತಲೆಯಲ್ಲಿ ಏನು ನಡೆಯುತ್ತಿತ್ತು ಎಂಬ ಕಡೆಗೆ ಓಡುತ್ತದೆಯೋ, ಇಲ್ಲವೇ ಆ ಪುಟವನ್ನು ಬೇರೆ ರೀತಿ ಮಾಡಿ ನೋಡೋಣವೆಂದು ಕೈ ತುರಿಸುತ್ತದೆಯೋ ಗಮನಿಸಿಕೊಳ್ಳಿ. ಮೂರೂ ಒಳ್ಳೆಯ ಸ್ವಭಾವಗಳೇ, ಆದರೆ ಮೂರು ಬೇರೆ ಬೇರೆ ಹುದ್ದೆಗಳಿಗೆ ಸೇರಿದವು.

ಎರಡನೆಯದು, ನೀವು ಕಂಡುಕೊಂಡದ್ದರಿಂದ ಆಗಬೇಕಾದ ನಿರ್ಧಾರ ನಿಮ್ಮಿಂದ ಎಷ್ಟು ದೂರದಲ್ಲಿದೆ ಎಂಬುದು. ನನ್ನ ಲೆಕ್ಕದಲ್ಲಿ ಉಳಿದೆಲ್ಲಕ್ಕಿಂತ ತೂಕದ ಅಳತೆಗೋಲು ಇದು. ಸಂಶೋಧಕರು ಕೆಲಸ ಬಿಡುವುದು ಹೆಚ್ಚಾಗಿ ಶ್ರಮ ಜಾಸ್ತಿಯಾಯಿತೆಂದಲ್ಲ. ತಿಂಗಳುಗಟ್ಟಲೆ ಮಾಡಿದ ಅಧ್ಯಯನದ ವರದಿಯನ್ನು ಎಲ್ಲರೂ ಹೊಗಳಿ, ಯಾರೂ ಏನನ್ನೂ ಬದಲಿಸದೆ ಮುಂದೆ ಹೋದಾಗ ಅವರಿಗೆ ಬೇಸರವಾಗುತ್ತದೆ. ಕೆಲವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಸಾಕು ಅವರಿಗೆ. ನೀವು ಯಾವ ಬಗೆಯವರೆಂದು ಮೊದಲೇ ತಿಳಿದಿರುವುದು ಒಳ್ಳೆಯದು.

ಉಳಿದ ಮೂರನ್ನು ಒಟ್ಟಿಗೆ ಹೇಳಬಹುದು. ಕೆಲಸಕ್ಕೆ ಸೇರುವ ಮೊದಲು ಎಷ್ಟು ಹಣ, ಎಷ್ಟು ಕಾಲ, ಸಂಬಳವಿಲ್ಲದ ಎಷ್ಟು ತಿಂಗಳು ಬೇಕಾಗುತ್ತದೆ. ಸೇರಿದ ಮೇಲೆ ನಿಮ್ಮ ಕೆಲಸವನ್ನು ನೋಡಿ ತಿದ್ದುವ ಹಿರಿಯರು ಇರುತ್ತಾರೆಯೇ. ಕಂಪನಿಗಳು ಕೈ ಬಿಗಿಹಿಡಿದಾಗ ಆ ಹುದ್ದೆ ಎಷ್ಟು ಬೇಗ ಕತ್ತರಿಗೆ ಸಿಗುತ್ತದೆ. ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2022 ಮತ್ತು 2023ರಲ್ಲಿ ದೊಡ್ಡ ತಂತ್ರಜ್ಞಾನ ಕಂಪನಿಗಳು ಸಾವಿರಾರು ಜನರನ್ನು ಕೆಲಸದಿಂದ ತೆಗೆದಾಗ ಸಂಶೋಧಕರೂ ಆ ಪಟ್ಟಿಯಲ್ಲಿದ್ದರು, ಮತ್ತು ಆಮೇಲೆ ಹೊಸಬರು ಅನುಭವಿಗಳ ಜೊತೆಗೇ ಸ್ಪರ್ಧಿಸಬೇಕಾಗಿ ಬಂತು. ಸಂಬಳವನ್ನು ಪ್ರತ್ಯೇಕ ಅಳತೆಗೋಲಾಗಿ ಇಟ್ಟುಕೊಂಡಿಲ್ಲ. ಅದನ್ನು ಹುದ್ದೆಯ ಹೆಸರಿಗಿಂತ ಕಂಪನಿಯ ಗಾತ್ರವೂ ದೇಶವೂ ಹೆಚ್ಚಾಗಿ ನಿರ್ಧರಿಸುತ್ತವೆ.

ಹೋಲಿಕೆ ಗಾಳಿಯಲ್ಲಿ ತೇಲದಿರಲೆಂದು ಒಂದೇ ಸಮಸ್ಯೆಯನ್ನು ಇಟ್ಟುಕೊಳ್ಳೋಣ. ಒಂದು ಆನ್‌ಲೈನ್ ಸೇವೆಯಲ್ಲಿ ಹೊಸಬರು ಖಾತೆ ತೆರೆಯಲು ಆರಂಭಿಸುತ್ತಾರೆ, ಹೆಸರು, ವಿಳಾಸ ಎಲ್ಲವನ್ನೂ ತುಂಬುತ್ತಾರೆ, ಆದರೆ ಗುರುತಿನ ಚೀಟಿಯ ಫೋಟೊ ಅಪ್‌ಲೋಡ್ ಮಾಡಬೇಕಾದ ಪುಟಕ್ಕೆ ಬಂದಾಗ ಬಹಳ ಮಂದಿ ನಿಲ್ಲಿಸಿಬಿಡುತ್ತಾರೆ.

ಉತ್ಪನ್ನ ಕಂಪನಿಯೊಳಗಿನ ಸಂಶೋಧಕ

ಸಂಶೋಧಕ ಎಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಈ ಹುದ್ದೆಯೇ. ಪ್ರಾಡಕ್ಟ್ ಮ್ಯಾನೇಜರ್, ಡಿಸೈನರ್, ಡೆವಲಪರ್‌ಗಳಿರುವ ತಂಡದ ಜೊತೆಗೇ ಕುಳಿತು, ಅವರು ಮುಂದೆ ತೆಗೆದುಕೊಳ್ಳಲಿರುವ ನಿರ್ಧಾರಗಳಿಗೆ ಬೇಕಾದ ತಿಳಿವಳಿಕೆಯನ್ನು ಇಂಟರ್‌ವ್ಯೂ, ಯೂಸಬಿಲಿಟಿ ಟೆಸ್ಟ್ (ಜನರು ಉತ್ಪನ್ನವನ್ನು ಬಳಸುವಾಗ ಎಲ್ಲಿ ಎಡವುತ್ತಾರೆಂದು ನೋಡುವುದು), ಡೈರಿ ಅಧ್ಯಯನ (ಬಳಕೆದಾರರು ತಮ್ಮ ಅನುಭವವನ್ನು ದಿನದಿನವೂ ಬರೆದಿಡುವುದು) ಮುಂತಾದ ವಿಧಾನಗಳಿಂದ ಒದಗಿಸುವುದು ಇದರ ಸಾರ.

ನಮ್ಮ ಸಮಸ್ಯೆ ಈ ಸಂಶೋಧಕರ ಕೈಗೆ ಬಂದರೆ ಏನಾಗುತ್ತದೆಂದು ಹತ್ತಿರದಿಂದ ನೋಡೋಣ. ಭಾಗವಹಿಸುವವರು ತಮ್ಮ ಫೋನಿನ ಪರದೆಯನ್ನು ಹಂಚಿಕೊಂಡಿದ್ದಾರೆ. ಮಾಡುತ್ತಿರುವುದನ್ನು ಮಾಡುತ್ತಲೇ ಬಾಯಿಬಿಟ್ಟು ಹೇಳುತ್ತಾ ಹೋಗುವಂತೆ ಅವರನ್ನು ಕೇಳಲಾಗಿದೆ. ಯೋಚನೆಯನ್ನು ಹೀಗೆ ಮಾತಿಗಿಳಿಸುವ ಪದ್ಧತಿಯನ್ನು ಕಂಪ್ಯೂಟರ್ ಬಳಕೆಯ ಪರೀಕ್ಷೆಗೆ ಅಳವಡಿಸಿದವರು ಐಬಿಎಂನಲ್ಲಿದ್ದ ಕ್ಲೇಟನ್ ಲೂಯಿಸ್. ಅದು 1980ರ ದಶಕದ ಆರಂಭದ ಮಾತು. ಅಪ್‌ಲೋಡ್ ಪುಟ ತೆರೆಯುತ್ತದೆ. ಬೆರಳು ಗುಂಡಿಯ ಮೇಲೆ ಬಂದು ನಿಲ್ಲುತ್ತದೆ, ಮೇಲಕ್ಕೆ ಹೋಗುತ್ತದೆ, ಮತ್ತೆ ಕೆಳಗೆ ಬರುತ್ತದೆ. ‘ಹಾಂ, ಇದು ಸುಲಭವಾಗಿಯೇ ಇದೆ’ ಎನ್ನುತ್ತಾರೆ, ಆದರೆ ಒತ್ತುವುದಿಲ್ಲ. ಅನುಭವವಿಲ್ಲದವರು ಈ ಕ್ಷಣದಲ್ಲಿ ‘ಗೊಂದಲವಾಯಿತೇ?’ ಎಂದು ಕೇಳಿಬಿಡುತ್ತಾರೆ. ಎದುರಿನವರು ಸೌಜನ್ಯಕ್ಕೆ ‘ಸ್ವಲ್ಪ’ ಎಂದರೆ ಅಲ್ಲಿಗೆ ಆ ಸಂಭಾಷಣೆ ಕೆಟ್ಟಿತು. ಪಳಗಿದವರು ಐದಾರು ಸೆಕೆಂಡು ಸುಮ್ಮನಿದ್ದು, ‘ಈಗ ಯಾವುದನ್ನು ನೋಡುತ್ತಿದ್ದಿರಿ?’ ಎಂದಷ್ಟೇ ಕೇಳುತ್ತಾರೆ. ಆಗ ನಿಜವಾದ ಮಾತು ಹೊರಬರುತ್ತದೆ: ಚೀಟಿಯ ಫೋಟೊವನ್ನು ಇವರು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಬೇಡವೆಂದರೆ ಅಳಿಸುತ್ತಾರೆಯೇ ಎಂಬುದು ಆ ಪುಟದಲ್ಲಿ ಎಲ್ಲಿಯೂ ಇಲ್ಲ. ಗುಂಡಿಯ ಬಣ್ಣವನ್ನು ಎಷ್ಟು ಬದಲಿಸಿದರೂ ಈ ಹಿಂಜರಿಕೆ ಹೋಗುತ್ತಿರಲಿಲ್ಲ.

ಇಂತಹ ಅಧ್ಯಯನಕ್ಕೆ ಐದು ಜನ ಸಾಕು ಎಂಬ ಮಾತು ಕ್ಷೇತ್ರದಲ್ಲಿ ಎಲ್ಲರ ಬಾಯಲ್ಲೂ ಇದೆ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲಾಂಡಾವರ್ 1993ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಿಂದ ಬಂದದ್ದು ಅದು: ಒಬ್ಬ ಬಳಕೆದಾರರಿಂದ ಸರಾಸರಿ ಶೇ 31ರಷ್ಟು ತೊಂದರೆಗಳು ಹೊರಬೀಳುತ್ತವೆ ಎಂದಿಟ್ಟುಕೊಂಡರೆ ಐವರಿಂದ ಸುಮಾರು ಶೇ 85ರಷ್ಟು ಹೊರಬೀಳುತ್ತವೆ. ಆದರೆ ಆ ಶೇ 31 ಒಂದು ಸರಾಸರಿ ಮಾತ್ರ. ಬಳಕೆದಾರರು ಹೆಚ್ಚುಕಡಿಮೆ ಒಂದೇ ಬಗೆಯವರಾಗಿರಬೇಕು. ಮತ್ತು ಇದು ತೊಂದರೆಗಳನ್ನು ಹುಡುಕುವ ಲೆಕ್ಕವೇ ಹೊರತು ಅಳೆಯುವ ಲೆಕ್ಕವಲ್ಲ. ಐವರಲ್ಲಿ ಮೂವರು ಎಡವಿದರೆಂದು ಶೇ 60ರಷ್ಟು ಬಳಕೆದಾರರು ಎಡವುತ್ತಾರೆ ಎಂದು ಬರೆದ ವರದಿಯನ್ನು ನೋಡಿದರೆ ಅದನ್ನು ಬರೆದವರಿಗೆ ತರಬೇತಿ ಸಾಲದೆಂದು ತಕ್ಷಣ ತಿಳಿಯುತ್ತದೆ. ಸಂದರ್ಶನದಲ್ಲಿ ಈ ವ್ಯತ್ಯಾಸವನ್ನು ವಿವರಿಸಬಲ್ಲ ಹೊಸಬರು ಉಳಿದವರಿಗಿಂತ ಒಂದು ಹೆಜ್ಜೆ ಮುಂದಿರುತ್ತಾರೆ.

ನಿರ್ಧಾರಕ್ಕೆ ಹತ್ತಿರವಿರುವುದು ಈ ಹುದ್ದೆಯ ದೊಡ್ಡ ಲಾಭ. ಪುಟದ ಮೇಲೆ ಎರಡು ಸಾಲಿನ ವಿವರಣೆ ಸೇರಿತೇ, ಸೇರಿದ ಮೇಲೆ ಏನಾಯಿತು ಎಂಬುದನ್ನು ನೀವೇ ನೋಡುತ್ತೀರಿ, ಮತ್ತು ಒಂದೇ ಕ್ಷೇತ್ರದ ಬಳಕೆದಾರರನ್ನು ವರ್ಷಗಟ್ಟಲೆ ನೋಡುವುದರಿಂದ ಹೊರಗಿನವರಿಗೆ ದಕ್ಕದ ಆಳ ಸಿಗುತ್ತದೆ. ನಷ್ಟವೂ ಆ ಹತ್ತಿರದಿಂದಲೇ ಹುಟ್ಟುತ್ತದೆ. ತಂಡ ಎರಡು ವಾರಕ್ಕೊಮ್ಮೆ ಹೊಸದನ್ನು ಹೊರಬಿಡುವ ಲಯದಲ್ಲಿದ್ದರೆ ನಿಮ್ಮ ಅಧ್ಯಯನವೂ ಅದೇ ಲಯಕ್ಕೆ ಬಗ್ಗಬೇಕು. ಕೆಲವೊಮ್ಮೆ ಆಗಲೇ ಆಗಿಹೋದ ನಿರ್ಧಾರಕ್ಕೆ ಮುದ್ರೆ ಒತ್ತಿಸಿಕೊಳ್ಳಲು ನಿಮ್ಮನ್ನು ಕರೆಯುತ್ತಾರೆ, ಅದನ್ನು ವ್ಯಾಲಿಡೇಶನ್ ಎಂದೂ ಕರೆಯುತ್ತಾರೆ. ಬೇಡವೆನ್ನುವ ಧೈರ್ಯ, ಬೇಡವೆಂದ ಮೇಲೂ ಸ್ನೇಹ ಉಳಿಸಿಕೊಳ್ಳುವ ನಯ ಎರಡೂ ಬೇಕು.

ಇಡೀ ಕಂಪನಿಗೆ ಒಬ್ಬರೇ ಸಂಶೋಧಕರಿರುವ ಕಡೆ ಮೊದಲ ಕೆಲಸ ಹಿಡಿಯಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹುದ್ದೆಯ ಹೆಸರು ದೊಡ್ಡದಿರುತ್ತದೆ, ಸ್ವಾತಂತ್ರ್ಯ ಆಕರ್ಷಕವಾಗಿ ಕಾಣುತ್ತದೆ. ಆದರೆ ನೀವು ಕೇಳಿದ ಪ್ರಶ್ನೆ ಎದುರಿನವರನ್ನು ಒಂದು ಉತ್ತರದ ಕಡೆಗೆ ತಳ್ಳಿತು ಎಂದು ತೋರಿಸಿಕೊಡುವವರು ಅಲ್ಲಿ ಯಾರೂ ಇರುವುದಿಲ್ಲ, ಮತ್ತು ಕಡಿತದ ಕಾಲದಲ್ಲಿ ಒಂಟಿ ಹುದ್ದೆಯನ್ನು ತೆಗೆಯುವುದು ಆಡಳಿತಕ್ಕೆ ಬಹಳ ಸುಲಭ. ನಾಲ್ಕೈದು ವರ್ಷ ಪಳಗಿದವರಿಗಾದರೆ ಅದೇ ಹುದ್ದೆ ಒಳ್ಳೆಯ ಅವಕಾಶ.

ಏಜೆನ್ಸಿ

ಏಜೆನ್ಸಿಯಲ್ಲಿ ಉತ್ಪನ್ನ ನಿಮ್ಮದಲ್ಲ, ಗ್ರಾಹಕ ಕಂಪನಿಯದು. ಈ ತಿಂಗಳು ವಿಮೆಯ ಆ್ಯಪ್, ಮುಂದಿನ ತಿಂಗಳು ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ವ್ಯವಸ್ಥೆ, ಅದರಾಚೆಗೆ ಭಾಷೆ ಕಲಿಸುವ ತಾಣ. ಗುರುತಿನ ಚೀಟಿಯ ಪುಟದ ಸಮಸ್ಯೆ ಇಲ್ಲಿಗೆ ಬರುವಾಗ ಅದಕ್ಕೊಂದು ಒಪ್ಪಂದ, ಒಂದು ಗಡುವು, ಕೊಡಬೇಕಾದ ವರದಿಯ ಒಂದು ನಮೂನೆ ಜೊತೆಗಿರುತ್ತವೆ. ಭಾಗವಹಿಸುವವರನ್ನು ಆರಿಸುವ ಪ್ರಶ್ನಾವಳಿಯಿಂದ ಹಿಡಿದು ಸಂಭಾಷಣೆ ನಡೆಸುವುದು, ಟಿಪ್ಪಣಿಗಳನ್ನು ವಿಂಗಡಿಸುವುದು, ಕೊನೆಗೆ ಗ್ರಾಹಕರ ಮುಂದೆ ನಿಂತು ಅವರಿಗೆ ಇಷ್ಟವಾಗದ ಸಂಗತಿಯನ್ನು ಹೇಳುವವರೆಗೆ ಇಡೀ ಚಕ್ರವನ್ನು ನೀವು ಕೆಲವೇ ವಾರಗಳಲ್ಲಿ ಸುತ್ತುತ್ತೀರಿ, ಮುಗಿಯುತ್ತಿದ್ದಂತೆ ಇನ್ನೊಂದು ಸುತ್ತು ಆರಂಭವಾಗುತ್ತದೆ. ಕಲಿಕೆಯ ದೃಷ್ಟಿಯಿಂದ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ: ಸಂಶೋಧನೆಯೇ ಇಲ್ಲಿ ಮಾರಾಟದ ಸರಕಾದ್ದರಿಂದ ಅದರ ಗುಣಮಟ್ಟವನ್ನು ಯಾರಾದರೂ ಹಿರಿಯರು ನೋಡಲೇಬೇಕು.

ಕೊರತೆಯೂ ಅಷ್ಟೇ ಸ್ಪಷ್ಟ. ವರದಿ ಒಪ್ಪಿಸಿದ ಮೇಲೆ ಏನಾಯಿತೆಂದು ಬಹಳಷ್ಟು ಸಲ ನಿಮಗೆ ತಿಳಿಯುವುದೇ ಇಲ್ಲ. ಗುರುತಿನ ಚೀಟಿಯ ಭಯವನ್ನು ನೀವು ಪತ್ತೆ ಹಚ್ಚಿರುತ್ತೀರಿ. ಆರು ತಿಂಗಳ ನಂತರ ಆ ಆ್ಯಪ್ ತೆರೆದು ನೋಡಿದರೆ ಪುಟ ಹಾಗೆಯೇ ಇರಬಹುದು. ನಿರ್ಧಾರದ ಹತ್ತಿರ ಇರಬೇಕೆನ್ನುವವರಿಗೆ ಇದು ಎರಡು ಮೂರು ವರ್ಷಗಳಲ್ಲಿ ಸಾಕೆನಿಸುತ್ತದೆ, ಮತ್ತು ಬಹಳ ಮಂದಿ ಅಷ್ಟರ ಹೊತ್ತಿಗೆ ಉತ್ಪನ್ನ ಕಂಪನಿಗಳಿಗೆ ಹೊರಡುತ್ತಾರೆ. ಗಡುವಿನ ಒತ್ತಡದಿಂದ ಸಂಜೆಗಳು ಕೈತಪ್ಪುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಣ್ಣ ಮಕ್ಕಳಿರುವವರು ಅಥವಾ ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳಬೇಕಾದವರು ಸೇರುವ ಮೊದಲು ಆ ಏಜೆನ್ಸಿಯಲ್ಲಿ ಈಗ ಇರುವವರನ್ನೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಅಂಕಿಗಳ ಕಡೆಯಿಂದ ಬರುವ ಸಂಶೋಧಕ

ಪರಿಮಾಣಾತ್ಮಕ ಸಂಶೋಧಕರ ಮುಂದೆ ಅದೇ ಸಮಸ್ಯೆ ಬಂದಾಗ ಅವರು ಮೊದಲು ತೆರೆಯುವುದು ಬಳಕೆಯ ದಾಖಲೆಗಳನ್ನು. ಎಷ್ಟು ಜನ ಆ ಪುಟಕ್ಕೆ ಬಂದರು, ಎಷ್ಟು ಹೊತ್ತು ಇದ್ದರು, ಫೋನಿನಲ್ಲಿ ಬಂದವರಿಗೂ ಕಂಪ್ಯೂಟರಿನಲ್ಲಿ ಬಂದವರಿಗೂ ವ್ಯತ್ಯಾಸವಿದೆಯೇ, ಬಿಟ್ಟುಹೋದವರು ಮರುದಿನ ಮರಳಿದರೇ ಎಂಬುದನ್ನೆಲ್ಲ ಡೇಟಾಬೇಸ್‌ನಿಂದ ಮಾಹಿತಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಕೇಳಿ ತೆಗೆಯುತ್ತಾರೆ. ಬಳಿಕ ಸರ್ವೇ, ಅದರ ನಂತರ ಹಳೆಯ ಪುಟ ಮತ್ತು ವಿವರಣೆ ಸೇರಿಸಿದ ಹೊಸ ಪುಟ ಎರಡನ್ನೂ ಬೇರೆ ಬೇರೆ ಬಳಕೆದಾರರಿಗೆ ತೋರಿಸುವ ಎ/ಬಿ ಟೆಸ್ಟ್. ಅಪನಂಬಿಕೆಯೇ ಕಾರಣವೆಂಬುದನ್ನು ಕಂಡುಹಿಡಿದವರು ಇವರಲ್ಲದಿರಬಹುದು, ಆದರೆ ಅದು ಎಷ್ಟು ಮಂದಿಯ ಕಾರಣ, ಸರಿಪಡಿಸಿದರೆ ಎಷ್ಟು ಲಾಭ ಎಂದು ಹೇಳಬಲ್ಲವರು ಇವರೇ. ಹಣದ ಮಾತನಾಡುವ ಸಭೆಗಳಲ್ಲಿ ಆ ಸಾಮರ್ಥ್ಯಕ್ಕೆ ದೊಡ್ಡ ಬೆಲೆಯಿದೆ.

ಇಲ್ಲಿ ಬೇಕಾದ ಸಲಕರಣೆ ಭಾರವಾದದ್ದು: ಸಂಖ್ಯಾಶಾಸ್ತ್ರ, ಆರ್ ಅಥವಾ ಪೈಥಾನ್‌ನಂತಹ ಪ್ರೋಗ್ರಾಮಿಂಗ್ ಭಾಷೆ, ಪ್ರಯೋಗ ರಚನೆ, ಪ್ರಶ್ನಾವಳಿ ಬರೆಯುವ ಕಲೆ. ಕೊನೆಯದನ್ನು ಜನ ಬಹಳ ಕಡೆಗಣಿಸುತ್ತಾರೆ. ಸಣ್ಣ ಉದಾಹರಣೆಯೊಂದನ್ನು ನೋಡಿ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ, ಉತ್ಪನ್ನವೊಂದರ ಬಳಕೆ ಎಷ್ಟು ಸುಲಭವೆನಿಸಿತೆಂದು ಅಳೆಯುವ ಎಸ್‌ಯುಎಸ್ ಎಂಬ ಹತ್ತು ಹೇಳಿಕೆಗಳ ಪ್ರಶ್ನಾವಳಿ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಅದರ ಅಂಕ 0ಯಿಂದ 100ರವರೆಗೆ ಇರುವುದರಿಂದ 70 ಬಂದರೆ ಶೇ 70ರಷ್ಟು ಚೆನ್ನಾಗಿದೆ ಎಂದು ಓದುವವರೇ ಹೆಚ್ಚು. ಅದು ಶೇಕಡಾವಾರು ಲೆಕ್ಕವೇ ಅಲ್ಲ. ಅನೇಕ ಅಧ್ಯಯನಗಳ ಸರಾಸರಿ ಸುಮಾರು 68 ಆಗಿರುವುದರಿಂದ 70 ಎಂದರೆ ಸಾಧಾರಣಕ್ಕಿಂತ ಕೂದಲೆಳೆಯಷ್ಟು ಮೇಲೆ ಎಂದಷ್ಟೇ ಅರ್ಥ. ಹಾಗೆಯೇ ಶೇ 95ರ ವಿಶ್ವಾಸಮಟ್ಟದಲ್ಲಿ (ಅಂದರೆ ನೂರು ಸಲ ಅಳೆದರೆ ಸುಮಾರು 95 ಸಲ ಅಂದಾಜು ಸರಿಯಾಗುವಂತೆ) 5 ಶೇಕಡಾ ಅಂಶ ಹೆಚ್ಚುಕಡಿಮೆಯ ಅಂದಾಜು ಬೇಕಾದರೆ ಸುಮಾರು 385 ಉತ್ತರಗಳು ಬೇಕು ಎಂಬ ಲೆಕ್ಕ ಸರಿಯೇ, ಆದರೆ ಉತ್ತರಿಸಿದವರು ಎಲ್ಲ ಬಳಕೆದಾರರನ್ನು ಪ್ರತಿನಿಧಿಸದಿದ್ದರೆ ಅದನ್ನು ಹತ್ತರಷ್ಟು ಹೆಚ್ಚಿಸಿದರೂ ಪ್ರಯೋಜನವಿಲ್ಲ. ಇಂತಹ ಎಚ್ಚರಗಳಲ್ಲಿ ನಿಮಗೆ ಖುಷಿ ಸಿಗುವುದಾದರೆ ಈ ದಾರಿ ನಿಮ್ಮದು. ಕಿರಿಕಿರಿಯಾಗುವುದಾದರೆ ಸಂಬಳ ನೋಡಿ ಈ ಕಡೆ ಬರಬೇಡಿ.

ಈ ಹುದ್ದೆಗಳು ಸಂಖ್ಯೆಯಲ್ಲಿ ಕಡಿಮೆ, ಮತ್ತು ಹೆಚ್ಚಾಗಿ ದೊಡ್ಡ ಕಂಪನಿಗಳಲ್ಲಿವೆ. ಗೂಗಲ್‌ನ ಸಂಶೋಧಕರು 2010ರಲ್ಲಿ ಮಂಡಿಸಿದ ಹಾರ್ಟ್ ಚೌಕಟ್ಟು, ಅಂದರೆ ಬಳಕೆದಾರರ ಸಂತೋಷ, ತೊಡಗಿಕೊಳ್ಳುವಿಕೆ, ಹೊಸ ಬಳಕೆ, ಉಳಿಕೆ, ಕೆಲಸದ ಯಶಸ್ಸು ಎಂಬ ಐದನ್ನು ಅಳೆಯುವ ಕ್ರಮ, ಕೋಟಿಗಟ್ಟಲೆ ಬಳಕೆದಾರರಿರುವ ಉತ್ಪನ್ನಗಳಿಂದಲೇ ಹುಟ್ಟಿದ್ದು. ಬಳಕೆದಾರರು ಕಡಿಮೆಯಿರುವ ಕಡೆ ಇಷ್ಟೊಂದು ಅಳತೆಗೆ ಸರಕೇ ಇರುವುದಿಲ್ಲ. ಪ್ರವೇಶ ಕಷ್ಟವಾದರೂ ಈ ಕೌಶಲಗಳು ಬೇರೆಡೆಯೂ ನಡೆಯುತ್ತವೆ. ಕಡಿತದಲ್ಲಿ ಕೆಲಸ ಹೋದರೆ ಡೇಟಾ ವಿಶ್ಲೇಷಣೆಯ ಕಡೆಗೆ ಸರಿಯಬಹುದು. ಇಂಟರ್‌ವ್ಯೂ ಮಾತ್ರ ಮಾಡಬಲ್ಲವರಿಗೆ ಆ ಅನುಕೂಲ ಕಡಿಮೆ. ಸುರಕ್ಷತೆಯನ್ನು ಮೇಲಿಟ್ಟು ನೋಡುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಸಂಶೋಧನೆಯನ್ನೂ ಮಾಡುವ ಡಿಸೈನರ್, ಮತ್ತು ಫ್ರೀಲ್ಯಾನ್ಸ್

ಸಂಶೋಧಕ ಎಂಬ ಪ್ರತ್ಯೇಕ ಹುದ್ದೆಯೇ ಇಲ್ಲದ ಕಂಪನಿಗಳು ಬಹಳ. ಅಲ್ಲಿ ಡಿಸೈನರ್ ತಾನೇ ನಾಲ್ಕು ಬಳಕೆದಾರರೊಡನೆ ಮಾತನಾಡಿ, ತಾನೇ ಪುಟ ಬಿಡಿಸಿ, ತಾನೇ ಪರೀಕ್ಷಿಸುತ್ತಾರೆ. ನಿರ್ಧಾರಕ್ಕೆ ಇದಕ್ಕಿಂತ ಹತ್ತಿರದ ಜಾಗವಿಲ್ಲ: ಬೆಳಿಗ್ಗೆ ಕಂಡ ಹಿಂಜರಿಕೆಗೆ ಸಂಜೆಯೊಳಗೆ ಫಿಗ್ಮಾ ಎಂಬ ಡಿಸೈನ್ ತಂತ್ರಾಂಶದಲ್ಲಿ ಪರಿಹಾರ ಸಿದ್ಧವಾಗಬಹುದು. ಹುದ್ದೆಗಳೂ ಹೆಚ್ಚು. ಆದರೆ ತಾನು ಬಿಡಿಸಿದ್ದನ್ನು ತಾನೇ ಪರೀಕ್ಷಿಸುವಾಗ ಕೇಳಬೇಕಾದ್ದನ್ನು ಬಿಟ್ಟು ಕೇಳಲು ಇಷ್ಟವಾದದ್ದನ್ನೇ ಕೇಳಿಬಿಡುವ ಅಪಾಯ ಸದಾ ಇರುತ್ತದೆ, ಮತ್ತು ಸಮಯ ಕಡಿಮೆಯಾದಾಗ ಮೊದಲು ಬೀಳುವುದು ಸಂಶೋಧನೆಯ ಪಾಲೇ. ಪುಟ ಬದಲಿಸಲು ಕೈ ತುರಿಸುವ ಸ್ವಭಾವದವರಿಗೆ ಇದು ಒಗ್ಗುತ್ತದೆ. ಈಗಾಗಲೇ ಡಿಸೈನರ್ ಆಗಿದ್ದು ಸಂಶೋಧನೆಯ ರುಚಿ ಹತ್ತಿದವರು ರಾಜೀನಾಮೆ ಕೊಡುವ ಮೊದಲು ಒಂದು ವರ್ಷ ತಮ್ಮ ಸಮಯದ ಅರ್ಧವನ್ನು ಸಂಶೋಧನೆಗೆ ಕೊಡಲು ಮ್ಯಾನೇಜರ್ ಒಪ್ಪುತ್ತಾರೆಯೇ ನೋಡಲಿ. ಬಿಡಿಸುವ ಕೆಲಸ ಇಲ್ಲದ ವಾರಗಳಲ್ಲಿ ಮನಸ್ಸು ಹಗುರವಾಗಿತ್ತೇ, ಖಾಲಿಯೆನಿಸಿತೇ ಎಂಬುದೇ ಉತ್ತರ.

ಫ್ರೀಲ್ಯಾನ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಳೆಯ ಗ್ರಾಹಕರು ಕರೆದು ಕೆಲಸ ಕೊಡುವಷ್ಟು ಪರಿಚಯ ಗಳಿಸಿದ ಮೇಲೆ ಅದು ಒಳ್ಳೆಯದು, ಆರಂಭಕ್ಕೆ ಅಲ್ಲ. ಭಾಗವಹಿಸುವವರನ್ನು ಹುಡುಕುವುದು, ಅವರಿಗೆ ಗೌರವಧನ ತಲುಪಿಸುವುದು, ಒಪ್ಪಂದ, ತೆರಿಗೆ ಎಲ್ಲವೂ ನಿಮ್ಮ ಮೇಲೇ ಬೀಳುತ್ತವೆ, ಮತ್ತು ಗೋಪ್ಯತೆಯ ಷರತ್ತಿನಿಂದಾಗಿ ಮಾಡಿದ ಕೆಲಸವನ್ನು ಪೋರ್ಟ್‌ಫೋಲಿಯೊದಲ್ಲಿ ತೋರಿಸುವಂತಿರುವುದಿಲ್ಲ.

ಈ ಐದರ ಅಂಚಿನಲ್ಲಿ ಇನ್ನೆರಡು ಬಾಗಿಲುಗಳಿವೆ. ಭಾಗವಹಿಸುವವರ ಪಟ್ಟಿ, ಒಪ್ಪಿಗೆ ಪತ್ರ, ರೆಕಾರ್ಡಿಂಗ್‌ಗಳ ಸಂರಕ್ಷಣೆ ಮುಂತಾದವನ್ನು ನೋಡಿಕೊಳ್ಳುವ ರಿಸರ್ಚ್ ಆಪರೇಶನ್ಸ್ ಮೊದಲನೆಯದು. ಯುರೋಪಿನ ಜಿಡಿಪಿಆರ್ ಕಾನೂನು 2018ರಲ್ಲಿ ಜಾರಿಗೆ ಬಂದ ಮೇಲೆ ಬಳಕೆದಾರರ ವೈಯಕ್ತಿಕ ಮಾಹಿತಿಯನ್ನು ಸಡಿಲವಾಗಿ ಇಟ್ಟುಕೊಳ್ಳುವ ಕಾಲ ಮುಗಿಯಿತು. ಸಂಯೋಜನೆಯ ಕೆಲಸದಲ್ಲಿ ಪಳಗಿದವರಿಗೆ ಇದು ಸಹಜವಾದ ಪ್ರವೇಶ. ಎರಡನೆಯದು ಅಂಗವಿಕಲ ಬಳಕೆದಾರರೊಡನೆ ನಡೆಸುವ ಆ್ಯಕ್ಸೆಸಿಬಿಲಿಟಿ ಸಂಶೋಧನೆ. ಅಂಗವಿಕಲರೂ ಬಳಸುವಂತೆ ತಾಣಗಳನ್ನು ರೂಪಿಸಲು ಇರುವ ಡಬ್ಲ್ಯುಸಿಎಜಿ ಎಂಬ ವೆಬ್ ಮಾರ್ಗಸೂಚಿಯ 2.2ನೇ ಆವೃತ್ತಿ 2023ರಲ್ಲಿ ಬಂದಿದೆ, ಐರೋಪ್ಯ ಒಕ್ಕೂಟದ ಆ್ಯಕ್ಸೆಸಿಬಿಲಿಟಿ ಕಾಯ್ದೆ 2025ರ ಜೂನ್ 28ರಿಂದ ಅನ್ವಯವಾಗುತ್ತಿದೆ. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರ ಪಕ್ಕದಲ್ಲಿ ಕುಳಿತು ನಮ್ಮ ಅಪ್‌ಲೋಡ್ ಪುಟವನ್ನು ಒಮ್ಮೆ ಕೇಳಿಸಿಕೊಂಡರೆ ಅಲ್ಲಿನ ಗುಂಡಿಗೆ ಹೆಸರೇ ಇಲ್ಲವೆಂಬುದು ಗೊತ್ತಾಗಬಹುದು. ಈ ವಿಷಯದಲ್ಲಿ ಆಳವಾಗಿ ಬಲ್ಲವರು ಇನ್ನೂ ಕಡಿಮೆ.

ಒಳಗೆ ಬರುವ ದಾರಿ ಮತ್ತು ಅದರ ವೆಚ್ಚ

ಈ ಕ್ಷೇತ್ರ ಒಂದೇ ಪದವಿಯ ಸೊತ್ತಾಗಿ ಎಂದೂ ಇರಲಿಲ್ಲ. 1963ರಲ್ಲಿ ಮಾರುಕಟ್ಟೆಗೆ ಬಂದ ಗುಂಡಿ ಒತ್ತುವ ದೂರವಾಣಿಯ ಅಂಕಿಗಳ ಜೋಡಣೆ ಬೆಲ್ ಪ್ರಯೋಗಾಲಯದಲ್ಲಿ ಮನಃಶಾಸ್ತ್ರಜ್ಞ ಜಾನ್ ಕಾರ್ಲಿನ್ ಅವರ ವಿಭಾಗ ನಡೆಸಿದ ಪ್ರಯೋಗಗಳಿಂದ ಬಂತು. ಜೆರಾಕ್ಸ್ ಯಂತ್ರದ ಮುಂದೆ ಜನ ಹೇಗೆ ತಡವರಿಸುತ್ತಾರೆಂದು 1980ರ ದಶಕದಲ್ಲಿ ಅಧ್ಯಯನ ಮಾಡಿದ ಲೂಸಿ ಸಚ್‌ಮನ್ ಮಾನವಶಾಸ್ತ್ರಜ್ಞೆ. 1993ರಲ್ಲಿ ಆ್ಯಪಲ್ ಸೇರಿ ಯೂಸರ್ ಎಕ್ಸ್‌ಪೀರಿಯನ್ಸ್ ಎಂಬುದನ್ನು ತಮ್ಮ ಹುದ್ದೆಯ ಹೆಸರಿಗೇ ಸೇರಿಸಿಕೊಂಡ ಡಾನ್ ನಾರ್ಮನ್ ಇಂಜಿನಿಯರಿಂಗ್ ಓದಿ ಮನಃಶಾಸ್ತ್ರಕ್ಕೆ ಬಂದವರು. ಆದ್ದರಿಂದ ಮನಃಶಾಸ್ತ್ರ, ಸಮಾಜಶಾಸ್ತ್ರ, ಮಾನವಶಾಸ್ತ್ರದಲ್ಲಿ ಸಂಶೋಧನಾ ವಿಧಾನಗಳನ್ನು ನಿಜವಾಗಿ ಕಲಿತ ಸ್ನಾತಕೋತ್ತರ ಪದವೀಧರರು ಇನ್ನೊಂದು ಪದವಿಗೆ ಹಣ ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಅವರಿಗೆ ಇಲ್ಲದಿರುವುದು ಉತ್ಪನ್ನ ತಂಡಗಳ ಭಾಷೆ ಮತ್ತು ವೇಗ, ಅದು ಏಜೆನ್ಸಿಯಲ್ಲಿ ಒಂದು ವರ್ಷದೊಳಗೆ ಬರುತ್ತದೆ.

ಹ್ಯೂಮನ್ ಕಂಪ್ಯೂಟರ್ ಇಂಟರಾಕ್ಷನ್, ಅಂದರೆ ಎಚ್‌ಸಿಐ ಸ್ನಾತಕೋತ್ತರ ಪದವಿ ಒಂದರಿಂದ ಎರಡು ವರ್ಷ ತೆಗೆದುಕೊಳ್ಳುತ್ತದೆ, ಮತ್ತು ಎಲ್ಲ ದಾರಿಗಳಲ್ಲಿ ಅತಿ ದುಬಾರಿ. ಕಾರ್ನೆಗಿ ಮೆಲನ್‌ನಂತಹ ವಿಶ್ವವಿದ್ಯಾಲಯಗಳು 1990ರ ದಶಕದಿಂದಲೇ ಇದಕ್ಕೆಂದು ವಿಭಾಗಗಳನ್ನು ನಡೆಸುತ್ತಿವೆ. ಪಠ್ಯ ಬೇರೆ ಕಡೆಯೂ ಸಿಗುವುದರಿಂದ ನೀವು ಹಣ ಕೊಡುವುದು ಮುಖ್ಯವಾಗಿ ಮೂರಕ್ಕೆ: ಕೆಲಸವನ್ನು ತಿದ್ದುವ ಗುರುಗಳು, ನಿಜವಾದ ಸಂಸ್ಥೆಯೊಡನೆ ಮಾಡುವ ಪ್ರಾಜೆಕ್ಟ್, ಮುಂದೆ ಕೆಲಸಕ್ಕೆ ಶಿಫಾರಸು ಮಾಡುವ ಸಹಪಾಠಿಗಳು. ವಾಣಿಜ್ಯ ಅಥವಾ ಸಾಹಿತ್ಯದಂತಹ ಹಿನ್ನೆಲೆಯಿಂದ ಬಂದು ಪರಿಮಾಣಾತ್ಮಕ ಹುದ್ದೆಯ ಕನಸು ಕಾಣುವವರಿಗೆ ಇದು ಸಾರ್ಥಕ. ಸಾಲ ಮಾಡಿ ಹೋಗುವುದಾದರೆ, ಆ ವಿಭಾಗದ ಹಿಂದಿನ ಎರಡು ತಂಡಗಳ ವಿದ್ಯಾರ್ಥಿಗಳು ಈಗ ಯಾವ ಹುದ್ದೆಯಲ್ಲಿದ್ದಾರೆಂದು ನೋಡದೆ ಸಹಿ ಹಾಕಬೇಡಿ; ಹೊರಬಂದವರೆಲ್ಲ ಡಿಸೈನರ್‌ಗಳಾಗಿದ್ದರೆ ಆ ಪದವಿ ನಿಮಗೆ ಬೇಕಾದದ್ದಲ್ಲ.

ಪ್ರಮಾಣಪತ್ರಗಳ ಮಟ್ಟಿಗೆ ನಿರೀಕ್ಷೆ ತಗ್ಗಿಸಿಕೊಳ್ಳುವುದು ಲೇಸು. ಗೂಗಲ್ ಕಂಪನಿ ಕೋರ್ಸೆರಾ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿ 2021ರಿಂದ ಕೊಡುತ್ತಿರುವ ಪ್ರಮಾಣಪತ್ರ ಅಗ್ಗ, ಆದರೆ ಅದು ಮೂಲತಃ ಡಿಸೈನ್ ಕಲಿಸುವಂಥದ್ದು. ಈ ಕ್ಷೇತ್ರದ ಸಲಹಾ ಸಂಸ್ಥೆಯಾದ ನೀಲ್ಸನ್ ನಾರ್ಮನ್ ಗ್ರೂಪ್‌ನ ತರಗತಿಗಳು ದುಬಾರಿ, ಹೆಚ್ಚಾಗಿ ಕೆಲಸದಲ್ಲಿರುವವರ ಕಂಪನಿಯೇ ಭರಿಸುವಂಥವು. ಎರಡೂ ಕ್ಷೇತ್ರದ ಮಾತನ್ನು ಕಲಿಸುತ್ತವೆ. ಕೆಲಸ ಮಾಡಬಲ್ಲಿರಿ ಎಂಬುದಕ್ಕೆ ಪುರಾವೆಯನ್ನು ಮಾತ್ರ ನೀವೇ ಒದಗಿಸಬೇಕು. ಆ ಪುರಾವೆಗಾಗಿ ಪ್ರಸಿದ್ಧ ಆ್ಯಪ್ ಒಂದನ್ನು ಮರುವಿನ್ಯಾಸ ಮಾಡಿ ತೋರಿಸುವುದು ಹಳಸಿದ ಉಪಾಯ. ಒಂದು ಮುಕ್ತ ತಂತ್ರಾಂಶವನ್ನೋ ಸಣ್ಣ ಸೇವಾಸಂಸ್ಥೆಯ ತಾಣವನ್ನೋ ಆರಿಸಿ, ಅದನ್ನು ನಡೆಸುವವರಿಗೆ ಇರುವ ನಿಜವಾದ ಪ್ರಶ್ನೆಯೊಂದನ್ನು ಕೇಳಿಕೊಂಡು, ಐದು ಜನರೊಡನೆ ಪರೀಕ್ಷೆ ನಡೆಸಿ. ಏನು ಕಂಡಿರಿ ಎಂಬುದರ ಜೊತೆಗೆ ಈ ಅಧ್ಯಯನದಿಂದ ಏನನ್ನು ಹೇಳಲಾಗದು ಎಂಬುದನ್ನೂ ಬರೆಯಿರಿ. ಅಂತಹ ಎರಡು ಬರಹಗಳಿದ್ದರೆ ಸಾಕು.

ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆಯಿರುವುದು ಈಗಿರುವ ಕಂಪನಿಯೊಳಗೇ ಸರಿಯುವ ದಾರಿಯಲ್ಲಿ. ಗ್ರಾಹಕ ಸೇವಾ ವಿಭಾಗದಲ್ಲಿ, ಟೆಸ್ಟಿಂಗ್‌ನಲ್ಲಿ, ಡೇಟಾ ವಿಶ್ಲೇಷಣೆಯಲ್ಲಿ ಇರುವವರು ಇದನ್ನು ಗಂಭೀರವಾಗಿ ಪರಿಗಣಿಸಬೇಕು. ಸಂಬಳ ನಿಲ್ಲುವುದಿಲ್ಲ, ಉತ್ಪನ್ನ ಗೊತ್ತಿದೆ, ಜನ ಪರಿಚಿತರು. ಗುರುತಿನ ಚೀಟಿಯ ಬಗ್ಗೆ ಬಳಕೆದಾರರು ಅನುಮಾನಪಡುತ್ತಾರೆಂದು ಗ್ರಾಹಕ ಸೇವೆಯವರಿಗೆ ಬಹುಶಃ ವರ್ಷದ ಹಿಂದೆಯೇ ಗೊತ್ತಿರುತ್ತದೆ, ಅವರನ್ನು ಯಾರೂ ಕೇಳಿರುವುದಿಲ್ಲ ಅಷ್ಟೇ. ಮೂರು ತಿಂಗಳ ದೂರುಗಳನ್ನು ಓದಿ, ಬಗೆಗಳಾಗಿ ವಿಂಗಡಿಸಿ, ಪ್ರತಿ ಬಗೆಗೂ ಬಳಕೆದಾರರ ಮಾತುಗಳನ್ನೇ ಜೋಡಿಸಿ ಪ್ರಾಡಕ್ಟ್ ಮ್ಯಾನೇಜರ್ ಮುಂದಿಟ್ಟರೆ ಅದು ಯಾವ ಪ್ರಮಾಣಪತ್ರಕ್ಕೂ ಕಡಿಮೆಯಲ್ಲ. ಸಂಶೋಧಕರು ನಡೆಸುವ ಸಂಭಾಷಣೆಗಳಲ್ಲಿ ಟಿಪ್ಪಣಿ ಬರೆಯಲು ಕುಳಿತುಕೊಳ್ಳುವೆನೆಂದು ಕೇಳಿ. ಧ್ವನಿಯನ್ನು ಬರಹಕ್ಕಿಳಿಸುವ, ಸಾರಾಂಶ ತೆಗೆಯುವ ಕೆಲಸವನ್ನು ಈಗ ಎಐ ಸಲಕರಣೆಗಳು ಮಾಡುತ್ತಿರುವುದರಿಂದ ಹೊಸಬರು ಕೆಲಸ ಕಲಿಯುತ್ತಿದ್ದ ಆ ಮೊದಲ ಮೆಟ್ಟಿಲು ಸವೆಯುತ್ತಿದೆ. ಆದರೂ ಬೆರಳು ಗುಂಡಿಯ ಮೇಲೆ ನಿಂತು ಒತ್ತದೇ ಹೋದ ಆ ಕ್ಷಣವನ್ನು ಗುರುತಿಸಲು ಸ್ವತಃ ಕುಳಿತು ನೋಡಿದವರಿಗೇ ಬರುತ್ತದೆ.

ಆಯ್ಕೆ ಎರಡು ಹುದ್ದೆಗಳ ನಡುವೆ ಬಂದು ನಿಂತಾಗ ಸಂದರ್ಶನದಲ್ಲಿ ನೀವೇ ಕೆಲವು ಪ್ರಶ್ನೆಗಳನ್ನು ಕೇಳಿ. ಕಳೆದ ಆರು ತಿಂಗಳಲ್ಲಿ ಸಂಶೋಧನೆಯಿಂದಾಗಿ ಕೈಬಿಟ್ಟ ಅಥವಾ ಬದಲಿಸಿದ ಒಂದು ಸಂಗತಿಯನ್ನು ಹೇಳಬಲ್ಲಿರಾ? ಅಧ್ಯಯನ ಬೇಕೆಂದು ಮೊದಲು ಕೇಳುವವರು ಯಾರು, ಯಾವ ಹಂತದಲ್ಲಿ ಕೇಳುತ್ತಾರೆ? ನನ್ನ ಪ್ರಶ್ನಾವಳಿಯನ್ನು ನಾನು ಬಳಸುವ ಮೊದಲು ಓದಿ ತಿದ್ದುವವರು ಯಾರು? ಭಾಗವಹಿಸುವವರಿಗೆ ಕೊಡುವ ಗೌರವಧನಕ್ಕೆ ಬಜೆಟ್ ಇದೆಯೇ? ಎದುರಿಗಿರುವವರು ನಿರ್ದಿಷ್ಟ ಪುಟವೊಂದನ್ನೋ ಕೈಬಿಟ್ಟ ಯೋಜನೆಯೊಂದನ್ನೋ ಹೆಸರಿಸಿದರೆ ಸಂಬಳ ಸ್ವಲ್ಪ ಕಡಿಮೆಯಿದ್ದರೂ ಆ ಕೆಲಸದ ಪರವಾಗಿ ಯೋಚಿಸಿ. ನಾವು ಬಳಕೆದಾರರಿಗೆ ಬಹಳ ಮಹತ್ವ ಕೊಡುತ್ತೇವೆ ಎಂಬ ಉತ್ತರಕ್ಕಿಂತ ಮುಂದೆ ಏನೂ ಬರದಿದ್ದರೆ, ಬೇರೆ ಅವಕಾಶ ಕೈಯಲ್ಲಿರುವವರು ಅದನ್ನೇ ಹಿಡಿಯಲಿ. ಬೇರೇನೂ ಇಲ್ಲದವರು ಒಂದೂವರೆ ವರ್ಷದ ಗಡುವು ಹಾಕಿಕೊಂಡು ಸೇರಿ, ಮೊದಲ ವಾರದಿಂದಲೇ ಪೋರ್ಟ್‌ಫೋಲಿಯೊಗೆ ಬೇಕಾದದ್ದನ್ನು ಗೋಪ್ಯತೆಯ ನಿಯಮದೊಳಗೇ ಕೂಡಿಸುತ್ತಾ ಹೋಗಲಿ.